‘ಎಂತೂ ಮಾಡ್ತಿಲ್ಲೆ’ ಎನ್ನುವ ನಾಯಿ

ಶಿರಸಿ ಸೀಮೆಯ ಮನೆಗೆ ಹೋದರೆ ದಣಪೆ (ಬೇಲಿಯ ಬಾಗಿಲು) ದಾಟುವ ಮೊದಲೇ ಒಳಗಿನಿಂದ ದನಿ ಬರುತ್ತದೆ: ‘ನಮ್ಮನೆ ನಾಯಿ ಎಂತೂ ಮಾಡ್ತಿಲ್ಲೆ, ಬನ್ನಿ ಬನ್ನಿ.’ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಬಂದರೆ ಮಾತಿನ ಧಾಟಿ ಬೇರೆಯಾಗುತ್ತದೆ, ಭರವಸೆ ಮಾತ್ರ ಅದೇ. ಅಂಗಳಕ್ಕೆ ಬಂದ ನೆಂಟರಿಗೆ ಅಷ್ಟು ಸಾಕು. ಕುದುರೆಗೆ ಸಾಲದು.

ನಾಯಿ ನಿಜಕ್ಕೂ ಏನೂ ಮಾಡಿರುವುದಿಲ್ಲ. ಲಾಯದ ಮೂಲೆಯಿಂದ ಬಾಲ ಅಲ್ಲಾಡಿಸುತ್ತ ಓಡಿ ಬಂದಿರುತ್ತದೆ, ಅಷ್ಟೆ. ಕಟ್ಟಿದ ಕುದುರೆ ತಲೆ ಎತ್ತಿ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ಬಿಗಿಯುತ್ತದೆ, ಆ ಬಿಗಿತ ಅದಕ್ಕೆ ನಾಯಿಗಿಂತ ದೊಡ್ಡ ಹೆದರಿಕೆ. ಕಾಲು ಜಾರಿ ಪಕ್ಕದ ಕುದುರೆಗೆ ತಗಲುತ್ತದೆ, ಅದು ಒದೆಯುತ್ತದೆ. ಐದಾರು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಹಗ್ಗ ಹಿಡಿದಿದ್ದ ಸೈಸ್‌ನ, ಅಂದರೆ ಕುದುರೆ ನೋಡಿಕೊಳ್ಳುವವನ, ಬೆರಳು ಮುರಿದಿರಬಹುದು, ಕುದುರೆಯ ಮೊಣಕಾಲಿನ ಚರ್ಮ ಸುಲಿದಿರಬಹುದು. ನಾಯಿ ಆಚೆ ಕೂತು ನಾಲಗೆ ಚಾಚಿಕೊಂಡು ನೋಡುತ್ತಿರುತ್ತದೆ. ಅದರ ಮಾಲೀಕರು ಹೇಳಿದ್ದು ಸುಳ್ಳಲ್ಲ: ಅದು ಕಚ್ಚಲಿಲ್ಲ, ಬೊಗಳಲೂ ಇಲ್ಲ. ಹಾಗಾಗಿ ಲಾಯದಲ್ಲಿ ನಾಯಿಯ ಗುಣ ಹೇಗಿದೆ ಎಂದು ಕೇಳಿ ಪ್ರಯೋಜನವಿಲ್ಲ. ಅದು ಕುದುರೆಯಿಂದ ಎಷ್ಟು ದೂರದಲ್ಲಿದೆ, ಅದರ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ, ಇವೆರಡನ್ನೇ ಕೇಳಬೇಕು.

ವಿಜಯನಗರದ ಕಾಲದಲ್ಲಿ ಅರಬ್ಬಿ ಮತ್ತು ಪರ್ಷಿಯಾ ಕಡೆಯ ಕುದುರೆಗಳು ಹಡಗಿನಲ್ಲಿ ಬಂದು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಈಗ ಈ ಕರಾವಳಿಯಲ್ಲಿ ಕುದುರೆ ಅಪರೂಪ. ಇದ್ದರೆ ಕಡಲತೀರದಲ್ಲಿ ಪ್ರವಾಸಿಗರನ್ನು ಹೊರುವ ಸಣ್ಣ ಜಾತಿಯವು, ಮದುವೆಯ ಮೆರವಣಿಗೆಗೆ ಹೋಗುವವು, ಹವ್ಯಾಸಕ್ಕೆ ಯಾರೋ ತಂದು ಕಟ್ಟಿಕೊಂಡ ಒಂದೆರಡು. ಒಂದು ಕುದುರೆಗೆ ಒಂದು ಲಾಯ, ಒಬ್ಬ ಸೈಸ್ ಎಂದರೆ ಕೈಗೆ ಎಟುಕುವ ಖರ್ಚಲ್ಲ. ನಾಲ್ಕಾರು ಜನ ಸೇರಿ ಒಂದೇ ಶೆಡ್ಡು, ಒಂದೇ ನೀರಿನ ತೊಟ್ಟಿ, ಒಬ್ಬನೇ ಸೈಸ್ ಎಂದು ಹಂಚಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಅಲ್ಲಿಗೆ ಬರುವ ನಾಯಿಗಳು ಮೂರು ಬಗೆಯವು. ಭಾನುವಾರ ಕಾರಿನ ಹಿಂದಿನ ಸೀಟಿನಲ್ಲಿ ಬರುವವು ಒಂದು, ಜಾಗದ ಯಜಮಾನರು ಕಾವಲಿಗೆ ಸಾಕಿದವು ಇನ್ನೊಂದು, ಯಾರದ್ದೂ ಅಲ್ಲದ ಬೀದಿಯವು ಮೂರನೆಯದು. ಈ ಮೂರಕ್ಕೂ ಒಂದೇ ಮದ್ದು ಹುಡುಕುವವರು ಯಾವುದನ್ನೂ ಸರಿಮಾಡುವುದಿಲ್ಲ.

ಮೊದಲು ಕುದುರೆಯ ಕಣ್ಣಿನ ವಿಷಯ. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ನಿಂತಲ್ಲೇ ಅದಕ್ಕೆ ಹೆಚ್ಚುಕಡಿಮೆ 350 ಡಿಗ್ರಿಯಷ್ಟು ಸುತ್ತಲಿನದು ಕಾಣುತ್ತದೆ. ಕಾಣದ ಜಾಗ ಎರಡು: ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದೆ, ಮೂತಿಯ ಕೆಳಗೆ. ನಾಯಿ ಲಾಯಕ್ಕೆ ಬಂದರೆ ಮೂಸುವುದು ಸರಿಯಾಗಿ ಈ ಎರಡೇ ಜಾಗಗಳನ್ನು. ಹಿಂಗಾಲಿನ ಹತ್ತಿರ ಲದ್ದಿ, ಮೂತಿಯ ಕೆಳಗೆ ಚೆಲ್ಲಿದ ಹುರುಳಿ, ತೌಡು. ಎರಡು ಕಣ್ಣೂ ಸೇರಿ ದೂರವನ್ನು ಅಳೆಯುವುದು ಮುಂದಿನ ಕಿರಿದಾದ ಭಾಗದಲ್ಲಿ ಮಾತ್ರ. ಪಕ್ಕದಿಂದ ಬಂದದ್ದು ಎಷ್ಟು ದೂರ ಎಂದು ತಿಳಿಯಲು ಕುದುರೆ ತಲೆ ತಿರುಗಿಸಲೇಬೇಕು. ಮೂತಿಯ ಹತ್ತಿರಕ್ಕೆ ಹಗ್ಗ ಕಟ್ಟಿ ತಲೆ ತಿರುಗದಂತೆ ಮಾಡಿದರೆ ಅದು ನೋಡುವುದನ್ನು ಬಿಟ್ಟು ಊಹಿಸುತ್ತದೆ. ಬೇಟೆಗೆ ಸಿಗುವ ಪ್ರಾಣಿಯ ಊಹೆ ಯಾವಾಗಲೂ ಕೆಟ್ಟದರ ಕಡೆಗೇ.

ಹಿಂಗಾಲು ಝಾಡಿಸಿದರೆ ಸುಮಾರು 2 ಮೀಟರ್ ಹಿಂದಕ್ಕೆ ಮುಟ್ಟುತ್ತದೆ. ಸಾಲದ್ದಕ್ಕೆ ಒಂದು ಹೆಜ್ಜೆ ಹಿಂದೆ ಸರಿದೂ ಒದೆಯಬಲ್ಲದು. ಆದ್ದರಿಂದ ಹಗ್ಗದಲ್ಲಿರುವ ಶಾಂತ ನಾಯಿಗೂ 4 ಮೀಟರ್ ದೂರ ಕನಿಷ್ಠ. ಗಾಳಿ ಜೋರಿರುವ ದಿನ ಅದನ್ನು ಇಮ್ಮಡಿ ಮಾಡಿ. ಗಾಳಿಮರದ ತೋಪಿನ ಪಕ್ಕದ ಲಾಯಗಳಲ್ಲಿ ಸಂಜೆಯ ಸಮುದ್ರ ಗಾಳಿಗೆ ಒಂದು ಬಗೆಯ ಶಿಳ್ಳೆ ಎದ್ದಿರುತ್ತದೆ. ನಾಯಿಯ ಹೆಜ್ಜೆಯ ಸದ್ದು ಅದರಲ್ಲಿ ಮುಳುಗುತ್ತದೆ, ಕುದುರೆಗೆ ಅದು ಇದ್ದಕ್ಕಿದ್ದಂತೆ ಕಾಲಬುಡದಲ್ಲಿ ಹುಟ್ಟಿದ ಹಾಗೆ.

ಇನ್ನು ನಾಯಿಯ ಕಡೆಯಿಂದ. ಬೇಟೆ ಅನ್ನುವುದು ಒಂದೇ ಕೆಲಸವಲ್ಲ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕಚ್ಚಿ ಕೊಲ್ಲುವುದು ಎಂದು ಸಾಲಾಗಿ ಹೋಗುತ್ತದೆ. ಬೇರೆ ಬೇರೆ ತಳಿಗಳಲ್ಲಿ ಮನುಷ್ಯ ಈ ಸರಪಳಿಯ ಬೇರೆ ಬೇರೆ ಕೊಂಡಿಯನ್ನು ಬಲಪಡಿಸಿದ್ದಾನೆ. ಬಾಗಲಕೋಟೆ ಕಡೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ, ಓಡುವುದು ಕಂಡರೆ ಅದರ ಕಾಲು ನಿಲ್ಲುವುದಿಲ್ಲ. ಕುರಿ ಕಾಯುವ ತಳಿಗಳು ಕಚ್ಚದೆಯೇ ಹಿಂಗಾಲಿನ ಹತ್ತಿರ ಸುತ್ತುತ್ತವೆ, ದಿಟ್ಟಿಸುತ್ತವೆ. ಕುದುರೆಗೆ ಆ ದಿಟ್ಟಿಯೇ ಸಾಕು. ಲ್ಯಾಬ್ರಡಾರ್‌ಗೆ ಅಟ್ಟುವ ಹುಚ್ಚು ಅಷ್ಟಿಲ್ಲ, ಹೊಟ್ಟೆಬಾಕತನ ಇದೆ. ಗಿಡ್ಡ ಕಾಲಿನ ನಾಯಿಗಳು ಬಾಗಿಲ ಕೆಳಗಿಂದ ನುಸುಳುತ್ತವೆ. ನಮ್ಮ ಊರ ನಾಯಿ ಇದ್ದುದರಲ್ಲಿ ಜಾಣ, ಒಂದು ಒದೆ ಹತ್ತಿರದಲ್ಲಿ ಹಾದುಹೋದರೆ ಜನ್ಮಕ್ಕೆ ನೆನಪಿಟ್ಟುಕೊಳ್ಳುತ್ತದೆ. ಆದರೆ ಮೂರು ಸೇರಿದರೆ ಅದರ ಜಾಣತನ ಹೋಗಿ ಗುಂಪಿನ ಧೈರ್ಯ ಬರುತ್ತದೆ.

ಕೆಟ್ಟ ಕೊಂಡಿ ಬೀಳುವುದು ಇಲ್ಲಿ. ನಾಯಿ ಓಡಿ ಬಂದರೆ ಕುದುರೆ ಓಡುತ್ತದೆ, ಕುದುರೆ ಓಡಿದ್ದು ಕಂಡು ನಾಯಿ ಅಟ್ಟುತ್ತದೆ. ಆಟವಾಗಿ ಶುರುವಾದದ್ದು ಎರಡನೇ ಸುತ್ತಿಗೆ ಬೇಟೆಯಾಗಿರುತ್ತದೆ. ಓಡುವ ಕುದುರೆಯನ್ನು ಅಟ್ಟಿ ಸುಖ ಉಂಡ ನಾಯಿ ಮರುದಿನ ಆ ಸುಖ ಹುಡುಕಿಕೊಂಡೇ ಬರುತ್ತದೆ. ‘ಒಮ್ಮೆ ಒದೆ ತಿಂದರೆ ಬುದ್ಧಿ ಬರುತ್ತದೆ’ ಅನ್ನುವ ಹಳಬರ ಮಾತನ್ನು ಬಿಟ್ಟುಬಿಡಬೇಕು. ಕೆಲವಕ್ಕೆ ಬುದ್ಧಿ ಬರುತ್ತದೆ, ಕೆಲವಕ್ಕೆ ದವಡೆ ಮುರಿಯುತ್ತದೆ, ಕೆಲವು ಆವತ್ತಿನಿಂದ ಕುದುರೆ ಕಂಡರೆ ಮೊದಲು ತಾವೇ ಎರಗುತ್ತವೆ.

ದಿನದ ಎಲ್ಲ ಹೊತ್ತೂ ಒಂದೇ ಥರ ಅಪಾಯದ್ದಲ್ಲ. ಲಾಳ ಕಟ್ಟುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಲಾಳ ಹೊಡೆಯುವ ನಾಲ್‌ಬಂದ್ ಬಗ್ಗಿ ಕುದುರೆಯ ಕಾಲನ್ನು ತನ್ನ ತೊಡೆಗಳ ನಡುವೆ ಇಟ್ಟುಕೊಂಡಿರುತ್ತಾನೆ, ಕೈಯಲ್ಲಿ ಹರಿತವಾದ ಕತ್ತಿ, ಮೊಳೆ ಹೊರಗೆ ಇಣುಕಿರುತ್ತದೆ. ಕೆಳಗೆ ಬಿದ್ದ ಗೊರಸಿನ ಚೂರು ನಾಯಿಗೆ ಹಬ್ಬದೂಟ, ಎಷ್ಟು ಓಡಿಸಿದರೂ ಕಾಲಸಂದಿಗೆ ಬರುತ್ತದೆ. ಚೂರಿಗಾಗಿ ಎರಡು ನಾಯಿ ಗುರ್ ಎಂದವೋ, ಕುದುರೆ ಕಾಲು ಕಿತ್ತುಕೊಳ್ಳುತ್ತದೆ, ಅರ್ಧ ಹೊಡೆದ ಮೊಳೆ ಆ ಮನುಷ್ಯನ ತೊಡೆಯನ್ನು ಸೀಳುತ್ತದೆ. ಲಾಳದ ದಿನ ಒಂದೇ ಒಂದು ನಾಯಿಯೂ ಆವರಣದೊಳಗೆ ಇರಕೂಡದು. ಗೊರಸಿನ ಚೂರುಗಳನ್ನು ಒಂದೊಂದು ಕಾಲು ಮುಗಿದ ಕೂಡಲೇ ಗುಡಿಸಿ ಮುಚ್ಚಳದ ಬಕೆಟ್ಟಿಗೆ ಹಾಕಬೇಕು, ನಾಲ್ಕೂ ಮುಗಿಯಲಿ ಎಂದು ಕಾಯಬಾರದು. ಲಾಳದ ಮೊಳೆ ಸೇರಿಕೊಂಡ ಚೂರನ್ನು ನುಂಗಿದ ನಾಯಿಯ ಗತಿ ಬೇರೆ ಹೇಳಬೇಕಾಗಿಲ್ಲ.

ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಓಡಿಸುವಾಗಲೂ ಹಾಗೆಯೇ. 7–8 ಮೀಟರ್ ಹಗ್ಗದ ತುದಿಯಲ್ಲಿ ದೊಡ್ಡ ಪ್ರಾಣಿ ವೃತ್ತವಾಗಿ ಓಡುತ್ತಿದ್ದರೆ ನಾಯಿಗೆ ಅದಕ್ಕಿಂತ ದೊಡ್ಡ ಆಹ್ವಾನ ಇನ್ನೊಂದಿಲ್ಲ. ಹೆದರಿ ಒಳಕ್ಕೆ ತಿರುಗಿದರೆ ಹಗ್ಗ ಕಾಲಿಗೆ ಸುತ್ತುತ್ತದೆ. ರಿಕಾಬಿಗೆ (ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಗೆ) ಒಂದು ಕಾಲಿಟ್ಟು ಹತ್ತುತ್ತಿರುವ ಗಳಿಗೆ, ಮೇವು ಹಾಕುವ ಹೊತ್ತು, ಹೊಸ ಕುದುರೆ ಬಂದ ಮೊದಲ ವಾರ, ಇವೂ ನಾಯಿ ದೂರವಿರಬೇಕಾದ ಹೊತ್ತುಗಳು. ಮರಿ ಹಾಕಿದ ಹೆಣ್ಣುಕುದುರೆ ಇದ್ದರೆ ಮಾತೇ ಇಲ್ಲ. ಅದು ಓಡುವುದಿಲ್ಲ, ಕಿವಿ ಹಿಂದಕ್ಕೆ ಮಡಚಿ ಮುಂಗಾಲಿನಲ್ಲಿ ನೇರ ತುಳಿಯುತ್ತದೆ. ಹೆರಿಗೆಯ ನಂತರ ಬೀಳುವ ಮಾಸನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಿ, ಆದರೆ ಪೂರ್ತಿ ಬಿದ್ದಿದೆಯೇ ಎಂದು ಪಶುವೈದ್ಯರು ಬಿಡಿಸಿ ನೋಡಿದ ಮೇಲೆ. ಹೂಳುವ ಆತುರದಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಕಟ್ಟುವ ರೀತಿಯನ್ನೂ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸಬೇಕು. ಗೂಟ ಕುದುರೆಯ ಹೆಗಲಿನ ಎತ್ತರಕ್ಕೆ ಅಥವಾ ಅದಕ್ಕೂ ಮೇಲೆ ಇರಲಿ. ನಡುವಿನ ಹಗ್ಗ ಒಂದು ಕೈ ಉದ್ದ, ಅಂದರೆ ತಲೆ ತಿರುಗಿಸಿ ನೋಡಲು ಸಾಕಾಗಬೇಕು, ಕಾಲು ಸಿಕ್ಕುವಷ್ಟು ಸಡಿಲ ಇರಬಾರದು. ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟನ್ನೇ ಹಾಕಿ. ಕಬ್ಬಿಣದ ಬಳೆಗೆ ನೇರವಾಗಿ ಕಟ್ಟದೆ ನಡುವೆ ತೆಳ್ಳನೆಯ ಕತ್ತದ ಹುರಿಯ ಒಂದು ಕುಣಿಕೆ ಹಾಕಿ ಅದಕ್ಕೆ ಕಟ್ಟಿ. ಕುದುರೆ ಪ್ರಾಣಭಯದಿಂದ ಜಗ್ಗಿದಾಗ ಮೊದಲು ಹುರಿ ತುಂಡಾಗುತ್ತದೆ, ಕುತ್ತಿಗೆ ಉಳಿಯುತ್ತದೆ. ಇಲ್ಲಿ ಕತ್ತಕ್ಕೆ ಬರವಿಲ್ಲ. ನೈಲಾನ್ ಹುರಿ ಹಾಕಿ ‘ಗಟ್ಟಿಯಾಗಿದೆ’ ಎಂದು ಹೆಮ್ಮೆ ಪಡುವವರಿಗೆ ಗಟ್ಟಿ ಇರುವುದೇ ಅಲ್ಲಿನ ದೋಷ ಎಂದು ವಿವರಿಸುವುದು ಕಷ್ಟ.

ಈಗ ಬೇಲಿಯ ಸಂಗತಿ. ಉತ್ತರ ಕನ್ನಡದ ಬೇಲಿಗಳನ್ನು ಮಾಡಿದ್ದು ದನ ತಡೆಯಲು, ನಾಯಿ ತಡೆಯಲು ಅಲ್ಲ. ಅಡ್ಡ ಗಳಗಳ ದಣಪೆ ದನವನ್ನು ನಿಲ್ಲಿಸುತ್ತದೆ, ನಾಯಿ ತಲೆಯನ್ನೂ ತಗ್ಗಿಸದೆ ಅದರೊಳಗೆ ಹಾದು ಬರುತ್ತದೆ. ಅಡಿಕೆ ದಬ್ಬೆಯ ಬೇಲಿ ಒಂದು ಮಳೆಗಾಲಕ್ಕೆ ಬುಡ ಕೊಳೆತು ಕೆಳಗೆ ಸಂದಿ ಬಿಡುತ್ತದೆ, ಮೇಲಾಗಿ ಕುದುರೆ ಗುದ್ದಿದರೆ ಸೀಳಿ ಮೊನೆಯಾಗಿ ಎದೆಗೆ ಚುಚ್ಚುತ್ತದೆ. ಮುಳ್ಳುತಂತಿ ಬೇಡವೇ ಬೇಡ. ಅದಕ್ಕೆ ಸಿಕ್ಕ ಕುದುರೆ ನಿಂತು ಬಿಡಿಸಿಕೊಳ್ಳುವುದಿಲ್ಲ, ಎಳೆದು ಮೂಳೆ ಕಾಣುವವರೆಗೆ ಹರಿದುಕೊಳ್ಳುತ್ತದೆ.

ಚಿರೆಕಲ್ಲಿನ ಪಾಗಾರ ಇದ್ದರೆ ಅರ್ಧ ಕೆಲಸ ಆದ ಹಾಗೆ, 5 ಅಡಿ ಎತ್ತರ ಇರಲಿ. 3 ಅಡಿಯದ್ದು ನಾಯಿಗೆ ಒಂದೇ ನೆಗೆತ. ಪಾಗಾರ ಇಲ್ಲದ ಕಡೆ 5 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಕಣ್ಣಿನ ಜಾಲರಿ ಹಾಕಿ. ಅದಕ್ಕಿಂತ ದೊಡ್ಡ ಕಣ್ಣಾದರೆ ಕುದುರೆಯ ಗೊರಸು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಡಲಬದಿಯ ಮರಳು ಮಣ್ಣಿನಲ್ಲಿ ನಾಯಿ ಒಂದು ರಾತ್ರಿಯಲ್ಲಿ ಬೇಲಿಯಡಿ ತೋಡಿ ಒಳಗೆ ಬರಬಲ್ಲದು. ಹಾಗಾಗಿ ಜಾಲರಿಯ ಬುಡವನ್ನು ಒಂದು ಅಡಿಯಷ್ಟು ಹೊರಮುಖವಾಗಿ ನೆಲದ ಮೇಲೆ ಮಡಚಿ, ಮೇಲೆ ಕಲ್ಲು ಹೇರಿ ಮಣ್ಣು ಮುಚ್ಚಬೇಕು. ನಾಯಿ ಬೇಲಿಯ ಬುಡದಲ್ಲೇ ತೋಡುತ್ತದೆ, ಅಲ್ಲಿ ಜಾಲರಿ ಉಗುರಿಗೆ ತಗಲುತ್ತದೆ. ಒಂದು ಅಡಿ ಹಿಂದೆ ಹೋಗಿ ತೋಡುವ ಉಪಾಯ ಅದಕ್ಕೆ ಹೊಳೆಯುವುದು ಕಡಿಮೆ. ಕಲಾಯಿ ಸರಿಯಾಗಿ ಇಲ್ಲದ ಜಾಲರಿ ಉಪ್ಪುಗಾಳಿಗೆ ಬೇಗ ಪುಡಿಯಾಗುತ್ತದೆ, ಅಗ್ಗದ್ದನ್ನು ತಂದು ಎರಡು ಬಾರಿ ಹಾಕುವುದಕ್ಕಿಂತ ದುಬಾರಿಯದನ್ನು ಒಮ್ಮೆ ಹಾಕಿ.

ಗೇಟು ಎರಡಿರಲಿ, ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ. ಹೊರಗಿನದು ಮುಚ್ಚದೆ ಒಳಗಿನದು ತೆರೆಯಬಾರದು. ಕಾರಿನ ಬಾಗಿಲು ತೆಗೆದ ಕೂಡಲೇ ನೆಗೆಯುವ ನಾಯಿ ಇಲ್ಲೇ ಸಿಗುತ್ತದೆ. ಕುದುರೆಯ ಕೋಣೆಯ ಬಾಗಿಲಿಗೂ ನೆಲಕ್ಕೂ ನಡುವೆ ಒಂದು ಹಿಡಿಯಗಲದ ಸಂದಿ ಸಾಕು. ಹೆಚ್ಚಿದ್ದರೆ ನಾಯಿ ಒಳಗೆ ಬರುತ್ತದೆ, ಹೊರಳಾಡುವ ಕುದುರೆಯ ಕಾಲು ಹೊರಗೆ ಬರುತ್ತದೆ. ಮಾಲೀಕರ ನಾಯಿ ಕಟ್ಟಲು ಕುದುರೆ ನಡೆಯುವ ದಾರಿಯಿಂದ 15 ಮೀಟರ್ ಆಚೆ, ನೆರಳಿನಲ್ಲಿ, ನೀರಿನ ಬಟ್ಟಲಿನ ಸಮೇತ ಒಂದು ಜಾಗ ಬೇಕೇ ಬೇಕು. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ‘ಕಾರಿನಲ್ಲೇ ಬಿಟ್ಟಿರಿ’ ಎಂದು ಯಾರಿಗೂ ಹೇಳುವಂತಿಲ್ಲ, ಗಾಜು ಇಳಿಸಿದ್ದರೂ ನಾಯಿ ಬೆಂದು ಸಾಯುತ್ತದೆ. ಜಾಗ ಕೊಡದೆ ನಿಯಮ ಮಾಡಿದರೆ ನಿಯಮ ಮುರಿಯುವುದು ಖಂಡಿತ.

ಬೀದಿ ನಾಯಿಗೆ ಬೇಲಿಗಿಂತ ಮುಖ್ಯವಾದದ್ದು ಅನ್ನ. ಅದು ಕುದುರೆ ನೋಡಲು ಬರುವುದಿಲ್ಲ, ಸೈಸ್ ಎಸೆದ ಮೀನಿನ ಮುಳ್ಳಿಗೆ, ತೆರೆದಿಟ್ಟ ತೌಡಿನ ಡ್ರಮ್ಮಿಗೆ, ಗೊರಸಿನ ಚೂರಿಗೆ ಬರುತ್ತದೆ. ಮೇವಿನ ಡ್ರಮ್ಮಿಗೆ ಅದುಮಿ ಮುಚ್ಚುವ ಮುಚ್ಚಳ, ಊಟದ ಎಂಜಲಿಗೆ ದೂರದ ಗುಂಡಿ. ಇಷ್ಟು ಮಾಡಿದರೆ ಅರ್ಧ ನಾಯಿಗಳು ತಾವಾಗಿ ಕಡಿಮೆಯಾಗುತ್ತವೆ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬಂದರಿನಲ್ಲಿ ಎಸೆಯುವ ಮೀನು ನಿಂತಾಗ ಅಲ್ಲಿನ ನಾಯಿಗಳು ಬೇರೆ ಕಡೆ ಮೂಸಲು ಹೊರಡುವುದು ಸಹಜ, ಆ ಎರಡು ತಿಂಗಳು ಮುಚ್ಚಳಗಳ ಮೇಲೆ ಇನ್ನಷ್ಟು ಕಣ್ಣಿಡಿ. (ತೀರದ ಮರಳು ತೋಡಿ ಕಡಲಾಮೆಯ ಮೊಟ್ಟೆ ತಿನ್ನುವುದೂ ಈ ಅಲೆಮಾರಿ ನಾಯಿಗಳೇ. ಒಂದೆಡೆ ಅನ್ನ ಹಾಕಿ ಸಾಕಿದ ಪುಣ್ಯ ಇನ್ನೊಂದೆಡೆ ಬೇರೆ ಲೆಕ್ಕಕ್ಕೆ ಬೀಳುತ್ತದೆ.) ಘಟ್ಟದ ಮೇಲೆ ಇನ್ನೊಂದು ತೊಡಕಿದೆ. ಶಿರಸಿ, ಯಲ್ಲಾಪುರ ಕಡೆ ರಾತ್ರಿ ಹೊರಗೆ ಬಿಟ್ಟ ನಾಯಿ ಚಿರತೆಯನ್ನು ಲಾಯದ ಬಾಗಿಲಿಗೇ ಕರೆತರುತ್ತದೆ. ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಉಣುಗೂ ಬರುತ್ತದೆ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸೀಮೆಯಲ್ಲಿ ಉಣುಗನ್ನು ಹಗುರವಾಗಿ ನೋಡುವಂತಿಲ್ಲ.

ವಿಷ ಹಾಕುವ ಮಾತು ಎಲ್ಲೋ ಒಬ್ಬರ ಬಾಯಲ್ಲಿ ಬಂದೇ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನ ಮಾಡುವುದು 5 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಅದೇ ಸಂಹಿತೆಯ 291ನೇ ಕಲಮು ನಾಯಿಯ ಮಾಲೀಕರಿಗೆ ಅನ್ವಯಿಸುತ್ತದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಬೀದಿ ನಾಯಿಗಳ ವಿಷಯಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಆದ್ದರಿಂದ ನಗರಸಭೆಗೋ ಪಂಚಾಯಿತಿಗೋ ಬಾಯಿಮಾತಿನಲ್ಲಿ ಹೇಳದೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ನಾಯಿಯನ್ನು ಕುದುರೆಗೆ ಒಗ್ಗಿಸಬಹುದೇ? ಸಾಕಿದ ನಾಯಿಯನ್ನು ಹೆಚ್ಚಾಗಿ ಒಗ್ಗಿಸಬಹುದು, ಆದರೆ ದಿನಗಳಲ್ಲಿ ಅಲ್ಲ, ವಾರಗಳಲ್ಲಿ. ನಾಯಿಯನ್ನು ಹಿಡಿದು ನಡೆಸಲು 2 ಮೀಟರಿನ ಗಟ್ಟಿ ಪಟ್ಟಿ ಬೇಕು, ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಹಗ್ಗ ಬೇಡ. ಆ ತೆಳ್ಳನೆಯ ಹಗ್ಗ ಕುದುರೆಯ ಕಾಲಿಗೆ ಸುತ್ತಿದರೆ ಚರ್ಮ ಕುಯ್ಯುತ್ತದೆ, ಕೈಯಿಂದ ಜಾರಿದ ಹಿಡಿಕೆ ನೆಲದ ಮೇಲೆ ಕಟಕಟ ಎನ್ನುತ್ತ ನಾಯಿಯನ್ನೇ ಬೆನ್ನಟ್ಟುತ್ತದೆ. ಶಾಂತ ಸ್ವಭಾವದ, ನಾಯಿ ಕಂಡು ಬಲ್ಲ ಕುದುರೆಯನ್ನು ಬೇಲಿಯಾಚೆ ನಿಲ್ಲಿಸಿ 30 ಮೀಟರ್ ದೂರದಿಂದ ಶುರುಮಾಡಿ. ನಾಯಿ ಕುದುರೆಯನ್ನು ನೋಡಿತು, ಹೆಸರು ಕರೆದರೆ ತಿರುಗಿತು, ಕೈಯಲ್ಲಿನ ಕೋಳಿಯ ಚೂರನ್ನು ತಿಂದಿತು ಎಂದರೆ ದೂರ ಸರಿಯಾಗಿದೆ. ಚೂರನ್ನು ಮೂಸದೆ ದಿಟ್ಟಿಸುತ್ತ ಮೈ ಬಿಗಿದರೆ ಹತ್ತಿರ ಬಂದಿದ್ದೀರಿ, ಹಿಂದೆ ಹೋಗಿ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಮೂರು ದಿನ ತೊಂದರೆ ಇಲ್ಲದೆ ನಡೆದರೆ 5 ಮೀಟರ್ ಮುಂದಕ್ಕೆ. ನಿಂತ ಕುದುರೆಯ ಮುಂದೆ ಕಲಿತ ಪಾಠ ನಡೆಯುವ ಕುದುರೆಯ ಮುಂದೆ ಮರೆತುಹೋಗಿರುತ್ತದೆ, ಓಡುವ ಕುದುರೆಯ ಮುಂದೆ ಇಲ್ಲವೇ ಇಲ್ಲ. ಪ್ರತಿ ಹಂತಕ್ಕೂ ಮತ್ತೆ 30 ಮೀಟರಿಗೆ ಹಿಂದೆ ಹೋಗಿ ಶುರುಮಾಡಬೇಕು. ಬೈದು, ಪಟ್ಟಿ ಜಗ್ಗಿ ಕಲಿಸಹೋದರೆ ನಾಯಿ ಕಲಿಯುವುದು ‘ಕುದುರೆ ಕಂಡಾಗ ಕುತ್ತಿಗೆ ನೋಯುತ್ತದೆ’ ಎಂದು, ಅದರ ಕೋಪ ಕುದುರೆಯ ಮೇಲೆ.

ಕುದುರೆಗೆ ಕಲಿಸುವುದು ಇದಕ್ಕಿಂತ ಸುಲಭ. ಹಗ್ಗದಲ್ಲಿರುವ ನಾಯಿಯನ್ನು ಮುಂದೆ ನಡೆಸಿ, ಕುದುರೆಯನ್ನು ಹತ್ತು ಹದಿನೈದು ಮೀಟರ್ ಹಿಂದೆ ನಡೆಸಿ. ತನ್ನಿಂದ ದೂರ ಹೋಗುತ್ತಿರುವ ವಸ್ತುವನ್ನು ಹಿಂಬಾಲಿಸುವಾಗ ಕುದುರೆಗೆ ಧೈರ್ಯ ಬರುತ್ತದೆ, ಕುತೂಹಲ ಹುಟ್ಟುತ್ತದೆ.

ಲಾಯದ ಹೊರಗೆ, ತೀರದ ಮೇಲೆ ಸವಾರಿ ಮಾಡುವಾಗ ಯಾವ ನಿಯಮ ಬರೆದಿಟ್ಟರೂ ನಾಯಿಗೆ ತಿಳಿಯದು. ಬೆಳಗಿನ ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ ಸವಾರಿಗೆ ಚೆನ್ನಾಗಿರುತ್ತದೆ, ಎಳೆದಿಟ್ಟ ದೋಣಿಗಳ ನೆರಳಿನಲ್ಲಿ, ಬಲೆಯ ರಾಶಿಯ ಮೇಲೆ ನಾಯಿಗಳು ಮಲಗಿರುವುದೂ ಅದೇ ಹೊತ್ತು. ದೋಣಿಗಳ ಸಾಲನ್ನು ದೂರದಿಂದ ಬಳಸಿ, ನಡಿಗೆಯಲ್ಲೇ ದಾಟಿ. ಅಟ್ಟಿ ಬಂದರೆ ಮೊದಲ ಆಸೆ ಕುದುರೆಯನ್ನು ದೌಡಾಯಿಸುವುದು. ಅದೇ ತಪ್ಪು, ಸ್ವಲ್ಪ ದೂರದ ಓಟದಲ್ಲಿ ನಾಯಿ ಹಿಂದೆ ಬೀಳುವುದಿಲ್ಲ. ಲಗಾಮು ಗಿಡ್ಡ ಮಾಡಿಕೊಂಡು, ಹಿಮ್ಮಡಿ ಕೆಳಗೆ ಒತ್ತಿ, ಆಳವಾಗಿ ಕೂತು ವೇಗ ಇಳಿಸಿ. ಕುದುರೆಯ ಮುಖವನ್ನು ನಾಯಿಯ ಕಡೆಗೆ ತಿರುಗಿಸಿ. ಎದುರಿಗೆ ಕಂಡದ್ದು ಕುದುರೆಗೆ ಹಿಂದಿನಿಂದ ಬಂದದ್ದರಷ್ಟು ಭೀಕರವಲ್ಲ. ನಾಯಿಗೂ ಓಡುವ ಹಿಂಭಾಗದ ಬದಲು ತನ್ನ ಕಡೆ ನಿಂತ ದೊಡ್ಡ ಎದೆ ಕಾಣುತ್ತದೆ. ನಾಯಿ ಪಕ್ಕಕ್ಕೆ ಸುತ್ತಿದರೆ ಕುದುರೆಯನ್ನೂ ಸುತ್ತಿಸಿ, ಹಿಂಗಾಲು ಅದಕ್ಕೆ ಸಿಗಬಾರದು. ದನಿ ದಪ್ಪ ಮಾಡಿ ‘ಹೋಗ್, ಮನಿಗ್ ಹೋಗ್’ ಎನ್ನಿ. ಊರ ನಾಯಿಗೆ ಆ ಮಾತು ಚೆನ್ನಾಗಿ ಗೊತ್ತು. ಬಹುತೇಕ ನಾಯಿಗಳು ತಮ್ಮ ಗಡಿಯವರೆಗೆ ಬೊಗಳಿ ನಿಲ್ಲುತ್ತವೆ. ಕಲ್ಲು ಎಸೆಯುವಂತೆ ಕೈ ಬೀಸಿದರೆ ನಾಯಿಗಿಂತ ಮೊದಲು ಕುದುರೆ ಬೆಚ್ಚುತ್ತದೆ. ನೀರಿಗೆ ಇಳಿಸಿ ತಪ್ಪಿಸಿಕೊಳ್ಳುವ ಉಪಾಯ ನೋಡಲು ಚೆಂದ, ಆದರೆ ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಕುಸಿಯುತ್ತದೆ, ಹೆದರಿದ ಕುದುರೆಗೆ ಅದು ಎರಡನೇ ಹೆದರಿಕೆ. ಗುಂಪಿನಲ್ಲಿದ್ದರೆ ಎಲ್ಲರೂ ನಿಲ್ಲಬೇಕು, ಒಬ್ಬರು ಮುಂದೆ ಓಡಿದರೆ ಉಳಿದ ಕುದುರೆಗಳೂ ಓಡುತ್ತವೆ.

ಮಗುವನ್ನು ಕೂರಿಸಿ ಲಗಾಮು ಹಿಡಿದು ನಡೆಸುವವರಿಗೆ ಕ್ರಮ ಬೇರೆ. ನಾಯಿ ದೂರದಲ್ಲಿ ಕಂಡಾಗಲೇ ನಿಂತು ಮೊದಲು ಮಗುವನ್ನು ಇಳಿಸಿ, ಆಮೇಲೆ ನಾಯಿಯನ್ನು ನೋಡಿಕೊಳ್ಳಿ. ಬೀಳದಿರಲಿ ಎಂದು ಮಗುವನ್ನು ಜೀನಿಗೆ ಕಟ್ಟುವ ಕೆಟ್ಟ ಪದ್ಧತಿ ಇದೆ. ಕುದುರೆ ಮಗುಚಿದರೆ ಮಗು ಅದರ ಅಡಿಗೇ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದೂ ಅಷ್ಟೇ ಕೆಟ್ಟದ್ದು. ಮಡಿಕೆ ಮಾಡಿ ಹಿಡಿಯಿರಿ, ಸುತ್ತಬೇಡಿ.

ಇಷ್ಟಾಗಿಯೂ ಕಚ್ಚಿತು ಎಂದುಕೊಳ್ಳಿ. ನಾಯಿ ಹೆಚ್ಚಾಗಿ ಹಿಂಗಾಲು, ಹೊಟ್ಟೆಯ ಪಕ್ಕ, ಮೂತಿ, ಈ ಕಡೆ ಕಚ್ಚುತ್ತದೆ. ಹಲ್ಲಿನ ಗಾಯ ಮೇಲೆ ಸಣ್ಣ ತೂತು, ಒಳಗೆ ಆಳ. ಕುದುರೆ ಶಾಂತವಾಗುವವರೆಗೆ ಕಾಯ್ದು, ರಕ್ತ ಚಿಮ್ಮುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ನಿಲ್ಲಿಸಿ. ಇಲ್ಲದಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಸಾಕಲ್ಲ. ರೇಬೀಸ್ ವೈರಸ್ಸನ್ನು ಗಾಯದಲ್ಲೇ ಕಡಿಮೆ ಮಾಡುವ ಮೊದಲ ಹೆಜ್ಜೆ ಇದು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಆಮೇಲೆ ಗಾಯದ ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ತುಂಬಬೇಡಿ. ಗಾಯ ಕಾಲಿನ ಗಂಟಿನ ಹತ್ತಿರವಿದ್ದು ಅದರಿಂದ ಹಳದಿ ಛಾಯೆಯ, ಬೆರಳಿಗೆ ಎಳೆಯಾಗಿ ಅಂಟುವ ದ್ರವ ಬಂದರೆ ಗಂಟಿನ ಚೀಲ ತೂತಾಗಿದೆ. ನಾಳೆ ನೋಡೋಣ ಎನ್ನುವ ಗಾಯವಲ್ಲ ಅದು, ಗಂಟೆಗಳ ಲೆಕ್ಕ. ಪಶು ಚಿಕಿತ್ಸೆಗೆ ಮನೆಬಾಗಿಲಿಗೆ ಬರುವ ಸರ್ಕಾರಿ ಆಂಬುಲೆನ್ಸಿನ ಸಹಾಯವಾಣಿ 1962.

ಧನುರ್ವಾಯು ಕುದುರೆಗೆ ಬಂದಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳಿಗೆ ಬರುವುದಿಲ್ಲ, ಆ ಲಸಿಕೆ ಯಾವಾಗ ಆಗಿತ್ತೆಂದು ವೈದ್ಯರಿಗೆ ಮೊದಲು ಹೇಳಿ. ರೇಬೀಸ್ ಲಸಿಕೆ ಕಚ್ಚಿದ ಮೇಲೆ ಸಾಮಾನ್ಯವಾಗಿ 0, 3, 7, 14, 28ನೇ ದಿನ. ಕಚ್ಚಿದ ನಾಯಿ ಗೊತ್ತಿದ್ದರೆ 10 ದಿನ ಕಣ್ಣಿಡಿ, ಆದರೆ ಅದು ಬದುಕಿದೆಯೇ ನೋಡಿಕೊಂಡು ಲಸಿಕೆ ಶುರುಮಾಡೋಣ ಎಂದು ಕಾಯಬೇಡಿ. ಕುದುರೆಯಲ್ಲಿ ರೇಬೀಸ್ ಶುರುವಾಗುವಾಗ ಹೊಟ್ಟೆನೋವಿನಂತೆ, ಕುಂಟಿನಂತೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕಾಣಬಹುದು. ಜೊಲ್ಲು ಸುರಿಸುವ ಕುದುರೆಯ ಬಾಯಿಗೆ ಕೈ ಹಾಕಿ ಹುಡುಕುವ ಅಭ್ಯಾಸ ಇಲ್ಲಿ ಜೀವಕ್ಕೇ ಮುಳುವು. ಹಾಗೆ ಕೈ ಹಾಕಿದವರು ತಾಲೂಕು ಆಸ್ಪತ್ರೆಗೆ ಅದೇ ದಿನ ಹೋಗಬೇಕು.

ಕಚ್ಚದೆ ಬರೀ ಅಟ್ಟಿಸಿಕೊಂಡ ಕುದುರೆಯನ್ನೂ ಆ ರಾತ್ರಿ ಎರಡು ಬಾರಿ ನೋಡಬೇಕು. ವಿಶ್ರಾಂತಿಯಲ್ಲಿ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ತಣ್ಣೀರು ಸುರಿಯುತ್ತಲೇ ಇರಬೇಕು. ತೊಡೆಯ ಸ್ನಾಯು ಕಲ್ಲಿನಂತೆ ಬಿಗಿದು ಉಚ್ಚೆ ಕಾಫಿಬಣ್ಣಕ್ಕೆ ತಿರುಗಿದರೆ ನಡೆಸಬೇಡಿ, ನಿಂತಲ್ಲೇ ಬಿಟ್ಟು ವೈದ್ಯರನ್ನು ಕರೆಯಿರಿ.

ಒದೆ ತಿಂದ ನಾಯಿ ಎದ್ದು ಓಡಿತು ಎಂದು ಸಮಾಧಾನ ಪಡಬಾರದು. ವಸಡು ಬಿಳಿಚಿಕೊಂಡಿದೆಯೇ, ಹೊಟ್ಟೆ ಉಬ್ಬುತ್ತಿದೆಯೇ ನೋಡಿ. ಒಳಗೆ ರಕ್ತ ಸುರಿಯುತ್ತಿದ್ದರೂ ಮೊದಲ ಗಂಟೆ ನಾಯಿ ಸರಿಯಾಗೇ ಕಾಣಬಹುದು. ಇನ್ನೊಂದು ಸದ್ದಿಲ್ಲದ ಅಪಾಯ ಜಂತುಹುಳದ ಔಷಧ. ಕುದುರೆಗೆ ಐವರ್ಮೆಕ್ಟಿನ್ ಕೊಡುವುದು ತೂಕದ ಪ್ರತಿ ಕಿಲೋಗೆ 0.2 ಮಿ.ಗ್ರಾಂ., ಅಂದರೆ 300 ಕಿಲೋ ಕುದುರೆಗೆ 60 ಮಿ.ಗ್ರಾಂ. ಅದರ ಕಾಲುಭಾಗವನ್ನು ಕುದುರೆ ಉಗುಳಿ, 15 ಕಿಲೋ ನಾಯಿ ನೆಕ್ಕಿತೆನ್ನಿ. ಹೃದಯದ ಹುಳು ತಡೆಯಲು ಆ ನಾಯಿಗೆ ತಿಂಗಳಿಗೆ ಕೊಡುವುದು 0.09 ಮಿ.ಗ್ರಾಂ., ನೆಕ್ಕಿದ್ದು 15 ಮಿ.ಗ್ರಾಂ., ನೂರೈವತ್ತು ಪಟ್ಟಿಗೂ ಹೆಚ್ಚು. ಕೊಲಿ ಎಂಬ ಕುರಿ ಕಾಯುವ ತಳಿ ಮತ್ತು ಅದರ ನಂಟಿನ ತಳಿಗಳಲ್ಲಿ ಅನೇಕಕ್ಕೆ ಈ ಔಷಧ ಮಿದುಳಿಗೆ ಇಳಿಯುತ್ತದೆ: ತೂರಾಟ, ಜೊಲ್ಲು, ಕುರುಡು, ಕೊನೆಗೆ ಪ್ರಜ್ಞೆ ಹೋಗುವುದು. ಔಷಧ ಕೊಟ್ಟ ಮೇಲೆ ಹಲವು ದಿನ ಲದ್ದಿಯಲ್ಲೂ ಅದು ಇರುತ್ತದೆ, ಆ ವಾರ ಲದ್ದಿ ತಿನ್ನುವ ನಾಯಿಗೆ ಪ್ರವೇಶ ಬೇಡ.

ಉಳಿದದ್ದು ಮನುಷ್ಯರ ಜಗಳ. ಹಂಚಿಕೊಂಡ ಲಾಯದಲ್ಲಿ ನಾಯಿಯ ಬಗ್ಗೆ ಮಾತನಾಡುವುದು ಬೇರೆಯವರ ಮಗುವಿನ ಬಗ್ಗೆ ಮಾತನಾಡಿದಷ್ಟೇ ಸೂಕ್ಷ್ಮ. ಅದಕ್ಕೇ ಮೊದಲ ಅವಘಡಕ್ಕೆ ಮುಂಚೆ, ಯಾರ ನಾಯಿಯೂ ಆರೋಪಿ ಅಲ್ಲದಿರುವಾಗ, ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಬೇಕು. ಪಟ್ಟಿ ಇಲ್ಲದೆ ನಾಯಿ ಒಳಗಿಲ್ಲ. ಪಟ್ಟಿ ಹಿಡಿಯುವವರು ದೊಡ್ಡವರೇ ಆಗಿರಬೇಕು. ಒಂದೇ ಕೈಯಲ್ಲಿ ಕುದುರೆಯನ್ನೂ ನಾಯಿಯನ್ನೂ ಹಿಡಿಯುವಂತಿಲ್ಲ. ಈ ವರ್ಷದ ರೇಬೀಸ್ ಲಸಿಕೆಯ ಚೀಟಿಯ ನಕಲು ಲಾಯದ ಕಡತದಲ್ಲಿರಬೇಕು. ಗಾಯವಾದರೆ ಎರಡೂ ಪ್ರಾಣಿಗಳ ಚಿಕಿತ್ಸೆಯ ಖರ್ಚು ನಾಯಿಯ ಹಗ್ಗ ಬಿಟ್ಟವರದ್ದು. ಮೊದಲ ಸಲ ಮಾತು, ಎರಡನೇ ಸಲ ನಾಯಿ ಮನೆಯಲ್ಲಿ. ಸೈಸ್‌ಗೆ ಯಾರ ನಾಯಿಯನ್ನಾದರೂ ಹಿಡಿದು ಕಟ್ಟುವ ಅಧಿಕಾರ ಇದೆ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ತಿಂಗಳ ಸಂಬಳದವನು ಸಾಹುಕಾರರ ನಾಯಿಯ ಕೊರಳಿಗೆ ಕೈ ಹಾಕುವುದಿಲ್ಲ.

ಈ ಕಾಗದ ಹರಿಯುವುದು ಸಾಮಾನ್ಯವಾಗಿ ಜಾಗದ ಯಜಮಾನರ ನಾಯಿಯಿಂದಲೇ. ‘ಅದು ಇಲ್ಲೇ ಹುಟ್ಟಿದ್ದು, ಕುದುರೆಗಳಿಗೆ ಗೊತ್ತಿದೆ’ ಎನ್ನುತ್ತಾರೆ. ಹಳೆಯ ಕುದುರೆಗಳಿಗೆ ಗೊತ್ತಿರಬಹುದು. ಕಳೆದ ವಾರ ಬಂದ ಕುದುರೆಗೆ ಗೊತ್ತಿಲ್ಲ, ಅದರ ಮೇಲೆ ಕೂತ ಹುಡುಗಿಗೂ ಗೊತ್ತಿಲ್ಲ. ಯಜಮಾನರ ನಾಯಿ ಹಗಲು ಕಟ್ಟಿರಲಿ, ರಾತ್ರಿ ಎರಡು ಗೇಟುಗಳ ನಡುವೆ ಬಿಟ್ಟಿರಲಿ. ಕಾವಲಿಗೆ ಅದೇ ಒಳ್ಳೆಯ ಜಾಗ. ಚಿರತೆಯ ಸೀಮೆಯಾದರೆ ಮಾತ್ರ ರಾತ್ರಿ ಬಾಗಿಲಿರುವ ಗೂಡಿನೊಳಗೆ.

ಹೊರಗಿನ ಗೇಟಿನ ಒಳಬದಿಗೆ ಎರಡು ಮೊಳೆ ಹೊಡೆದು ಎರಡು ಪಟ್ಟಿ ನೇತುಹಾಕಿ, ‘ತರಲು ಮರೆತೆ’ ಎನ್ನುವವರಿಗಾಗಿ. ಕೊಂಡಿ ಹಿತ್ತಾಳೆಯದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಇರಲಿ. ಕಬ್ಬಿಣದ ಕೊಂಡಿಯ ಒಳಗಿನ ಸ್ಪ್ರಿಂಗ್ ಕಾರವಾರದ ಗಾಳಿಗೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತದೆ. ಹೊರಗಿನಿಂದ ಮುಚ್ಚಿದಂತೆ ಕಾಣುತ್ತದೆ, ನಾಯಿ ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆದು, ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಹೆಬ್ಬೆರಳಿನಿಂದ ಹತ್ತು ಸಲ ಒತ್ತಿ ಬಿಟ್ಟು ನೋಡಿ. ಒಂದು ಸಲ ತಡವಾಗಿ ಮುಚ್ಚಿದರೂ ಆ ಕೊಂಡಿಯನ್ನು ಎಸೆಯಿರಿ.